ಮುಂದೇನಾಗ್ತೀ ಅಂತ ಕೇಳುವ ನೌಕರಿ

ಮುಂದೇನು ಓದಬೇಕು, ಯಾವ ಕೆಲಸ ಹಿಡಿಯಬೇಕು ಅಂತ ಸ್ವಂತವಾಗಿ ಯೋಚಿಸುವುದನ್ನು ಹೈಸ್ಕೂಲು ಮಕ್ಕಳಿಗೆ ಕಲಿಸುವುದು ನನ್ನ ನೌಕರಿ. ನಮ್ಮೂರು ಚಂದ್ರಬಂಡದಲ್ಲಿ ಎಮ್ಮೆ ಮೇಯಿಸುತ್ತಲೇ ಎಂ.ಎ. ಮುಗಿಸಿದವನು ನಾನು. ಈ ವಿಷಯದಲ್ಲಿ ನನ್ನಂತೆ ಮಾತಾಡುವವನು ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ. ಆದರೂ ಹೋದ ಶಾಲೆಯಲ್ಲೆಲ್ಲ ಒಂದಿಲ್ಲೊಂದು ಅವಮಾನ ನನಗೆಂದೇ ಕಾದಿರುತ್ತದೆ. ಈ ವರ್ಷವಂತೂ ನಮ್ಮ ಮೇಲ್ವಿಚಾರಕಿ ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ಒಂದು ಮಗುವಾದರೂ ತನ್ನ ಯೋಜನೆಯನ್ನು ತಾನೇ ಹೇಳಬೇಕು, ಇಲ್ಲದಿದ್ದರೆ ಮಾರ್ಚ್‌ಗೆ ನನ್ನ ಗುತ್ತಿಗೆ ಖಲಾಸ್.

ದೇವದುರ್ಗ: ಇಡೀ ವರ್ಗ ಡಿಸಿ

ಮೇಡಂ ಬರುವ ಸುದ್ದಿ ತಿಳಿದ ಹೆಡ್‌ಮಾಸ್ತರರು ಮಗ್ಗಿ ಕಲಿಸಿದಂತೆ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಿದ್ದರು. ಮುಂದೇನಾಗ್ತೀರಿ ಎಂದು ಮೇಡಂ ಕೇಳಿದ್ದೇ ತಡ, ಇಡೀ ವರ್ಗ ಎದ್ದು ಒಂದೇ ರಾಗದಲ್ಲಿ ಡಿಸಿ ಆಗ್ತೀವಿ ಎಂದಿತು. ಎಲ್ಲರೂ ಡಿಸಿ ಆದರೆ ಆಫೀಸಿನಲ್ಲಿ ಚಹಾ ತರುವವರು ಯಾರು? ನಾನು ಹೆಡ್‌ಮಾಸ್ತರರ ಮೇಲೆ ಹರಿಹಾಯ್ದೆ. ಅವರು ತಣ್ಣಗೆ, "ಸಿಟ್ಟಾಗಬ್ಯಾಡ್ರಿ ಸರ್. ಬ್ಯಾರೆ ಬ್ಯಾರೆ ಹೇಳಿಸಿದ್ರ ಹುಡುಗರು ಮರೀತಾವ" ಎಂದರು.

ರಾಯಚೂರು: ಮಾಲು ಪರೀಕ್ಷೆ

ಪಾಲಕರ ಸಭೆಗೆ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಮಗನನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿದರು. ಇವನು ಏನಾಗ್ತಾನೆ, ನೋಡಿ ಹೇಳ್ರಿ ಎಂದರು. ಹಾಗೆ ನೋಡಿ ಹೇಳುವುದಲ್ಲ, ಅವನೇ ಕಂಡುಕೊಳ್ಳಬೇಕು ಅಂತ ಗಂಟಲು ಒಣಗುವವರೆಗೆ ವಿವರಿಸಿದೆ. ಪೂರ್ತಿ ಕೇಳಿ ಎದ್ದರು. "ನಾ ಒಂದು ಹಿಡಿ ಭತ್ತ ನೋಡಿ ಇಡೀ ಚೀಲದ ಮಾಲು ಎಂಥಾದ್ದಂತ ಹೇಳ್ತೀನಿ. ನಿಮಗ ಇಡೀ ಹುಡುಗನ್ನ ತಂದು ಕೊಟ್ರೂ ಹೇಳಾಕ ಆಗವಲ್ದಲ್ಲ."

ಮೇಡಂ ಪಕ್ಕದಲ್ಲೇ ಕೂತಿದ್ದರು. ನಕ್ಕರು.

ಮಾನ್ವಿ: ಪಕ್ಕಾ ಯೋಜನೆ

ಇದೇ ಕೊನೆಯ ಶಾಲೆ. ಇಷ್ಟದ ಕೆಲಸ ಆರಿಸಿ, ಅದನ್ನು ಮಾಡುವವರನ್ನು ಗಮನಿಸಿ, ಎಷ್ಟು ಓದಬೇಕು, ಜಾಗ ಯಾವಾಗ ಖಾಲಿಯಾಗುತ್ತದೆ, ಎಲ್ಲ ವಿಚಾರಿಸಿ ಅಂತ ಮೊದಲೇ ಕಲಿಸಿದ್ದೆ. ಮೇಡಂ ಕೇಳಿದಾಗ ಒಂಬತ್ತನೇ ವರ್ಗದ ಹುಡುಗಿಯೊಬ್ಬಳು ಎದ್ದು, ಈ ಸರ್ ಮಾಡುವ ಕೆಲಸವೇ ನನಗೂ ಬೇಕು ಎಂದಳು. ನನ್ನ ಎದೆ ಉಬ್ಬಿತು. ಯಾಕೆ ಅಂತ ನಾನೇ ಕೇಳಿದೆ. ಕೇಳಬಾರದಿತ್ತು.

"ಬ್ಯಾರೆ ಕೆಲಸದಾಗ ದುಡೀಬೇಕ್ರಿ. ನೀವು ಒಂದು ತಾಸು ಮಾತಾಡ್ತೀರಿ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂತೀರಿ, ಬಸ್ ಹತ್ತತೀರಿ."

ವರ್ಗ ಗೊಳ್ಳೆಂದಿತು. ಎಷ್ಟು ಓದಬೇಕು ಗೊತ್ತೇನು ಅಂತ ಗದರಿದೆ.

"ಗೊತ್ರಿ, ಎಂ.ಎ. ಜಾಗದ್ದೂ ಕೇಳೀನ್ರಿ. ಮಾರ್ಚ್‌ಗೆ ಖಾಲಿ ಆಗಬಹುದಂತ."

ಇಷ್ಟು ಪಕ್ಕಾ ಯೋಜನೆ ತಾವು ಎಲ್ಲೂ ಕೇಳಿಲ್ಲ ಅಂತ ಮೇಡಂ ಚಪ್ಪಾಳೆ ತಟ್ಟಿದರು. ನನ್ನ ಗುತ್ತಿಗೆ ಮುಂದುವರಿಸುವುದಾಗಿ ಅಲ್ಲೇ ಹೇಳಿದರು. ಆಮೇಲೆ ಹುಡುಗಿಯತ್ತ ತಿರುಗಿ, ನಿನ್ನ ಎಂ.ಎ. ಮುಗಿಯುವತನಕ ಈ ಸರ್ ಇರಲೇನವ್ವಾ ಎಂದರು.

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲೀತನ ಇರ್ಲಿ ಬಿಡ್ರಿ."