ಹತ್ತಕ್ಕೆ ಹತ್ತು ಸುಖ

ನಮ್ಮ ಕಡೆ ಏನನ್ನಾದರೂ ಅಳೆಯಲು ಯಾರಾದರೂ ಬರುತ್ತಲೇ ಇರುತ್ತಾರೆ. ಹುಲಿ ಎಣಿಸಿದರು, ಅಣೆಕಟ್ಟಿನ ನೀರು ಅಳೆದರು. ಈ ಸಲ ಸುಖ ಅಳೆಯಲು ಬಂದರು.

ದಾಂಡೇಲಿಯಲ್ಲಿ ನನ್ನದೊಂದು ಸ್ಕೂಟರ್ ರಿಪೇರಿ ಅಂಗಡಿ. ಓದಿದ್ದು ಏಳನೇ ಇಯತ್ತೆ. ಉಳಿದದ್ದನ್ನು ಜನರ ಪರವಾಗಿ ಅರ್ಜಿ ಬರೆದು, ಬಂದ ಸರ್ಕಾರಿ ಉತ್ತರಗಳನ್ನು ಓದಿ ಓದಿ ಕಲಿತೆ. ಜೊಯಿಡಾದ ಆಚೆ ಕಾಡಿನೊಳಗಿನ ಒಂದು ಊರಿಗೆ ಬಸ್ಸು ನಿಂತು ಮೂರು ವರ್ಷವಾಗಿತ್ತು. ಜನ ಏಳು ಕಿಲೋಮೀಟರ್ ನಡೆದು ಡಾಂಬರು ರಸ್ತೆಗೆ ಬರಬೇಕು. ಹನ್ನೊಂದು ಅರ್ಜಿ ಬರೆದಿದ್ದೆ. ಸಿಟ್ಟು ಮಾಡಿಕೊಳ್ಳಲೂ ತ್ರಾಣ ಉಳಿದಿರಲಿಲ್ಲ. ಅಷ್ಟರಲ್ಲಿ ಸಂಶೋಧನೆಯ ಮೇಡಂ ಒಬ್ಬರು ಬಂದು, ದಾರಿ ತೋರಿಸಲು ಜೊತೆಗೆ ಬರ್ತೀರಾ ಅಂದರು. ವರದಿ ನೇರ ಮೇಲಿನ ಸಾಹೇಬರ ಕೈಗೆ ಹೋಗುತ್ತದಂತೆ. ಊರಿನ ಸಂಕಟ ಅದರಲ್ಲಿ ಬಂದರೆ ಬಸ್ಸೂ ಬಂದೀತು ಎಂದು ಅಂಗಡಿಗೆ ಬೀಗ ಹಾಕಿ ಹೊರಟೆ.

ಮುಖ್ಯ ಪ್ರಶ್ನೆ ಒಂದೇ: ಸೊನ್ನೆಯಿಂದ ಹತ್ತರೊಳಗೆ ನಿಮ್ಮ ಸುಖ ಎಷ್ಟು?

ಹಳಿಯಾಳ

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕೈಯಲ್ಲಿ ಜಿಲೇಬಿ ಪೊಟ್ಟಣ ಹಿಡಿದು, ಮಗಳ ಮದುವೆ ಗೊತ್ತಾಯಿತೆಂದು ಕಂಡಕಂಡವರಿಗೆ ಹಂಚುತ್ತಿದ್ದ. ಮೇಡಂ ಕೇಳಿದ್ದೇ ತಡ, ಪೊಟ್ಟಣ ಬೆನ್ನ ಹಿಂದೆ ಹೋಯಿತು, ಮುಖ ಸಣ್ಣದಾಯಿತು.

"ಸೊನ್ನಿ ಬರಕೋರಿ."

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಸುಖ ಜಾಸ್ತಿ ಬರೆಸಿದರೆ ರೇಶನ್ ಕಾರ್ಡು ತೆಗೆಯುತ್ತಾರೇನು ಎಂದು ವಿಚಾರಿಸಿದ. ಇಲ್ಲ ಮಾರಾಯ ಅಂದೆ. ಪೊಟ್ಟಣ ಮತ್ತೆ ಮುಂದೆ ಬಂತು.

"ಹಂಗಾರ ಹತ್ತು. ಆದರ ನನ್ನ ಹೆಸರಿಗೆ ಬ್ಯಾಡ, ಬಾಜೂ ಮನಿಯವನ ಹೆಸರಿಗೆ ಬರೀರಿ."

ಗಣೇಶಗುಡಿ

ಅಲ್ಲಿ ರಾಫ್ಟಿಂಗ್ ದೋಣಿ ನಡೆಸುವವನಿಗೆ ಇನ್ನೊಂದು ಪ್ರಶ್ನೆ ಬಿತ್ತು. ನಿನ್ನೆ ನೀವು ಎಷ್ಟು ಸಲ ನಕ್ಕಿರಿ? ಪಾಪ, ಬೆರಳು ಮಡಚುತ್ತಾ ಕೂತ. ಪ್ರವಾಸಿಗರನ್ನು ದೋಣಿಗೆ ಹತ್ತಿಸುವಾಗ ನಗಬೇಕು, ಅವರು ನೀರಿಗೆ ಬಿದ್ದಾಗ ನಗಬಾರದು, ಫೋಟೋ ತೆಗೆಯುವಾಗ ಮತ್ತೆ ನಗಬೇಕು. ಕೊನೆಗೆ ಸೋತು ತಲೆಯೆತ್ತಿದ.

"ಮೇಡಂ, ಡ್ಯೂಟಿ ಮ್ಯಾಲಿನ ನಗು ಹಿಡೀಬೇಕೋ, ಬಿಡಬೇಕೋ?"

ಬಸ್ಸಿಲ್ಲದ ಊರು

ಹಿಂದಿನ ದಿನವೇ ಹೋಗಿ ಮನೆಮನೆಗೂ ಹೇಳಿ ಬಂದಿದ್ದೆ: ಸುಳ್ಳು ಹೇಳಬೇಡಿ, ಇದ್ದದ್ದು ಹೇಳಿ, ಸಾಕು. ಮೊದಲ ಮನೆ ಅಜ್ಜಿಯದು. ನನ್ನ ಎಲ್ಲ ಅರ್ಜಿಗಳಲ್ಲೂ ಮೊದಲ ಹೆಬ್ಬೆಟ್ಟು ಅವಳದೇ. ಮಂಡಿನೋವಿನ ಗುಳಿಗೆಗಾಗಿ ಅದೇ ಮಂಡಿಯಲ್ಲಿ ಏಳು ಕಿಲೋಮೀಟರ್ ನಡೆಯುವವಳು.

ಬೆವರಿಳಿಸುತ್ತಾ ಬಂದ ಮೇಡಂಗೆ ಅಜ್ಜಿ ನೀರು, ಬೆಲ್ಲ ಕೊಟ್ಟಳು. ಪ್ರಶ್ನೆ ಕೇಳಿಸಿಕೊಂಡಳು. ನಕ್ಕು, "ಹತ್ತು" ಅಂದಳು.

ಮುಂದಿನ ಮನೆಯಲ್ಲೂ ಹತ್ತು. ಅದರ ಮುಂದಿನದರಲ್ಲೂ ಹತ್ತು. ನಾನು ತಿರುಗಿ ಬಂದು ಅಜ್ಜಿಯ ಮೇಲೆ ಹರಿಹಾಯ್ದೆ. ನಿನ್ನ ಮಂಡಿ ಎಲ್ಲಿ ಹೋಯ್ತು ಅಂದೆ. ಅವಳು ಕೊಂಕಣಿ ಬೆರೆಸಿದ ತನ್ನ ಕನ್ನಡದಲ್ಲಿ ಸಮಾಧಾನವಾಗಿ ಹೇಳಿದಳು:

"ಬಾಬಾ, ಬಸ್ಸಿಲ್ಲ ಅಂತ ಪಾಪ ಆ ಹುಡುಗಿ ಅಷ್ಟು ದೂರ ನಡಕೊಂಡ ಬಂದಾಳ. ಮನೀಗೆ ಬಂದವರಿಗೆ ನಮ್ಮ ಸಂಕಟಾನೂ ಹೊರಸೂದೇನು?"

ಹನ್ನೆರಡನೇ ಅರ್ಜಿ

ಅದನ್ನು ಒಯ್ದಾಗ ಸಾಹೇಬರು ವರದಿ ತೆರೆದು ತೋರಿಸಿದರು. ನಾಲ್ಕು ತಾಲೂಕಿನಲ್ಲೇ ಅತಿ ಸುಖದ ಊರು ಅದು. ವಾಹನ ಇಲ್ಲದ್ದರಿಂದ ಜನ ಒಟ್ಟಿಗೆ ನಡೆಯುತ್ತಾರೆ, ನಡೆಯುತ್ತಾ ಮಾತಾಡುತ್ತಾರೆ, ಅದರಿಂದ ಮನಸ್ಸು ಹಗುರ. ಇಂಥ ಊರಿಗೆ ಬಸ್ಸು ಬಿಟ್ಟು ಕೆಡಿಸೋದು ಬೇಡ ಅಂದರು ಸಾಹೇಬರು. ಚಹಾ ತರಿಸಿಕೊಟ್ಟರು. ಕುಡಿದೆ.

ಆದರೆ ಇಷ್ಟೊಂದು ಸುಖ ಹೇಗೆ ಎಂದು ತಿಳಿಯಲು ದೊಡ್ಡ ಪ್ರೊಫೆಸರರೇ ಬಂದರು. ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕಂತೆ. ಅವರಿಗೂ ಮಂಡಿನೋವು. ಒಂದೇ ಒಂದು ಪತ್ರ ಬರೆದರು. ಹದಿನೈದು ದಿನಕ್ಕೆ ಬಸ್ಸು ಬಂತು.

ಮತ್ತೆ ಎಷ್ಟು?

ಬಸ್ಸು ಬಂದ ಮೇಲೆ ಮೇಡಂ ಪ್ರೊಫೆಸರರ ಕೆಲಸಕ್ಕಾಗಿ ದಿನಾ ಊರಿಗೆ ಬರುತ್ತಿದ್ದರು. ಕೆಲವು ತಿಂಗಳ ಮೇಲೆ ಅದೇ ಪ್ರಶ್ನೆ ಹಿಡಿದು ಮತ್ತೆ ಹೊರಟರು. ನಾನೂ ಇದ್ದೆ. ಊರಿನ ಮರದ ಕೆಳಗೆ ಅಜ್ಜಿ ಗುಳಿಗೆಯ ಚೀಟಿ ಹಿಡಿದು ಬಸ್ಸು ಕಾಯುತ್ತಿದ್ದಳು.

"ನಾಲ್ಕು" ಅಂದಳು.

ಯಾಕೆ ಎಂದು ಮೇಡಂ ಕೇಳಿದರು. ಬಸ್ಸು ಅರ್ಧ ತಾಸು ತಡ ಅಂದಳು ಅಜ್ಜಿ. ಮೊದಲಾದರೆ ಬಸ್ಸೇ ಇರಲಿಲ್ಲ, ಯಾವುದು ತಡವಾಗಬೇಕಿತ್ತು? ನಾನು ಅವಳ ಪಕ್ಕ ಕೂತು ಬೇಡಿಕೊಂಡೆ. ಬಸ್ಸು ಬಂದು ಸುಖ ಇಳಿಯಿತು ಅಂತ ಬರೆದುಬಿಡ್ತಾರೆ, ಇದ್ದ ಬಸ್ಸೂ ಹೋಗ್ತದೆ, ಅವತ್ತಿನ ಹಾಗೆ ಹತ್ತು ಅಂದುಬಿಡು ಎಂದೆ.

"ಅವತ್ತು ಆಕಿ ಪಾಹುಣಿ, ಬಂದ ಅತಿಥಿ. ಈಗ ದಿನಾ ಬರ್ತಾಳ, ನನ್ನ ಬಾಜೂಕ ಕೂಡ್ತಾಳ, ಮನೀ ಮಗಳಾದಳು. ಮನೀ ಮಂದಿಗೆ ಖರೇನ ಹೇಳಬೇಕು." ಹಾಗಂದು ನನ್ನತ್ತ ತಿರುಗಿದಳು. "ಅವತ್ತು ಕಡಿಮಿ ಹೇಳು ಅಂದಿ, ಇವತ್ತು ಜಾಸ್ತಿ ಹೇಳು ಅಂತಿ." ಆಮೇಲೆ ಮೇಡಂ ಕಡೆ ನೋಡಿ ಅಂದಳು: "ತಂಗಿ, ಮೊದಲ ಇಂವಗ ಎಷ್ಟು ಸುಖ ಐತಿ ಕೇಳು."

ಮೇಡಂ ನಿಜವಾಗಿಯೂ ಪೆನ್ನು ನನ್ನ ಕಡೆ ಹಿಡಿದರು. ಇಪ್ಪತ್ತು ವರ್ಷ ಊರವರ ಸಂಕಟ ಬರೆದವನಿಗೆ ಇದನ್ನು ಯಾರೂ ಕೇಳಿರಲಿಲ್ಲ. ರಸ್ತೆ ನೋಡಿದೆ.

"ಬಸ್ಸು ಬರ್ಲಿ, ಆಮ್ಯಾಲ ಹೇಳ್ತೇನಿ."

"ಸದ್ಯಕ್ಕ ಸೊನ್ನಿ ಬರಕೋ ತಂಗಿ," ಅಂದಳು ಅಜ್ಜಿ. "ಬಸ್ಸು ಬಂದಮ್ಯಾಲ ತಿದ್ದಿದ್ರಾತು."