ಮಸ್ಕತ್ ಗಡಿಗಿಯ ಹಬ್ಬದ ಉಂಡಿ

ಬೇರೆಯವರ ಮನೆಗೆ ಹಬ್ಬ ಬಂದರೆ ಬರೀ ಹಬ್ಬ ಬರುತ್ತದೆ. ನಮ್ಮ ಮನೆಗೆ ಹಬ್ಬದ ಕೈಹಿಡಿದುಕೊಂಡು ಏನಾದರೊಂದು ಫಜೀತಿಯೂ ಬರುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ದಾಂಡೇಲಿಯ ನಮ್ಮ ಗಲ್ಲಿಯಲ್ಲಿ ಇದ್ದವರಲ್ಲಿ ಯಾರನ್ನು ಬೇಕಾದರೂ ಕೇಳಿ, ನಾನು ಹೇಳುವುದಕ್ಕಿಂತ ಎರಡು ಪಟ್ಟು ಹೇಳುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಸ್ಕತ್‌ನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಪಂಚಮಿ ಹಬ್ಬದ ಮುಂದೆ ರಜೆಗೆ ಬಂದ. ಬಂದವನು ನನಗೊಂದು ಸ್ಲೋ ಕುಕ್ಕರ್ ತಂದ. ಒಳಗೆ ಕರಿ ಮಣ್ಣಿನ ದಪ್ಪ ಗಡಿಗೆ, ಮೇಲೆ ಗಾಜಿನ ಮುಚ್ಚಳ, ಕೆಳಗೆ ಕರೆಂಟಿನ ವೈರು. ಗಲ್ಲಿಯವರು ಅದಕ್ಕೆ ಇಟ್ಟ ಹೆಸರು ‘ಮಸ್ಕತ್ ಗಡಿಗಿ’. ಮುಂದೆ ನಡೆದದ್ದೆಲ್ಲ ಆ ಗಡಿಗೆಯ ಪುಣ್ಯ.

ಸೀಟಿ

ತಮ್ಮ ಅಡುಗೆಮನೆಯಲ್ಲಿ ನಿಂತು ಪಾಠ ಮಾಡಿದ. “ಅಕ್ಕಾ, ಹಬ್ಬದ ಸಿಹಿ ಮಾಡೂದು ಇನ್ನ ಭಾಳ ಸಸಾರ. ಹಾಲು, ಹಾಲಿನಪುಡಿ, ಬೆಣ್ಣಿ, ಸಕ್ರಿ, ಗೋಡಂಬಿ ಎಲ್ಲಾ ಒಮ್ಮಿಗೇ ಹಾಕು. ಮುಚ್ಚಳ ಮುಚ್ಚು. ಮರತುಬಿಡು. ಸಂಜಿಗೆ ಬರ್ಫಿ ತಯಾರ.”

ಬಾಗಿಲಲ್ಲಿ ಕೂತಿದ್ದ ನಮ್ಮ ಅತ್ತೆಗೆ ಇದು ಸರಿಬರಲಿಲ್ಲ. “ಮರತು ಬಿಡೂದಕ್ಕ ಅಡಗಿ ಅಂತಾರೇನಪಾ? ಹಂಗಾದ್ರ ನಾ ಇಷ್ಟು ವರ್ಷ ಒಲಿ ಮುಂದ ಯಾಕ ಕೂತಿದ್ದೆ?”

ಮರುದಿನ ಮುಂಜಾನೆ ತಮ್ಮ ಹೇಳಿದ ಹಾಗೇ ಎಲ್ಲ ಹಾಕಿ, ಸ್ವಿಚ್ ಒತ್ತಿ, ನಾನು ಸಂತೆಗೆ ಹೊರಟೆ. “ಅತ್ತೀ, ಇದಕ್ಕ ಏನೂ ಮಾಡಬ್ಯಾಡ್ರಿ. ತನ್ನಷ್ಟಕ್ಕ ತಾನ ಆಗ್ತೈತಿ” ಅಂತ ಎರಡೆರಡು ಸಲ ಹೇಳಿದೆ. ಅತ್ತೆ “ಹ್ಞೂಂ” ಅಂದರು. ಆ ಹ್ಞೂಂನಲ್ಲಿ ನಂಬಿಕೆ ಇರಲಿಲ್ಲ.

ತಿರುಗಿ ಬಂದು ನೋಡಿದರೆ ಗಡಿಗೆ ತಣ್ಣಗೆ ಕೂತಿದೆ. ಹಾಲು ಹಾಲಾಗಿಯೇ ಇದೆ, ಮೇಲೆ ಬೆಣ್ಣೆ ತೇಲುತ್ತಿದೆ.

“ಯಾಕ ಆರಿಸಿದ್ರಿ ಅತ್ತೀ?”

“ಮೂರು ಸೀಟಿ ಆತು, ಆರಿಸಿದೆ.”

“ಇದು ಸೀಟಿ ಹೊಡಿಯೂದಿಲ್ರಿ!”

“ನನಗ ಕಣ್ಣು ಮಂಜಾಗ್ಯಾವ. ಕಿವಿ ಚಲೋ ಅದಾವ.”

ನಾನು ಇನ್ನೇನೋ ಹೇಳಬೇಕು, ಅಷ್ಟರಲ್ಲಿ ಗೋಡೆಯಾಚೆ ಪಕ್ಕದ ಮನೆಯ ಕುಕ್ಕರು ಕಿವಿ ತೂತಾಗುವ ಹಾಗೆ ಸೀಟಿ ಹೊಡೆಯಿತು. ಅತ್ತೆ ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು.

“ಕೇಳಿದಿಲ್ಲೋ? ಆರಿಸಿ ತಾಸಾದ್ರೂ ಹೊಡಿಯಾಕ ಹತ್ತೇತಿ. ಹೊರದೇಶದ ಮಾಲು ಅಂದ್ರ ಹಿಂಗ ಇರಬೇಕ ನೋಡು!”

ಗಿರಣಿಯ ಬರ್ಫಿ

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ನನ್ನ ತವರು ಹಳಿಯಾಳ ಕಡೆಯ ಸಾಂಬ್ರಾಣಿ. ಊರಿನವರೆಲ್ಲ ನೋಡಲಿ ಅಂತ ಗಡಿಗೆಯನ್ನೂ ಕರೆದುಕೊಂಡು ಹೋದೆ. ಅವ್ವ ಕೊಬ್ಬರಿ ಹೆರೆದಿಟ್ಟಿದ್ದಳು. ಆದರೆ ಮನೆಯಲ್ಲಿ ಕರೆಂಟು ಎಷ್ಟು ಮಂದ ಇತ್ತೆಂದರೆ, ದೀಪ ಹತ್ತಿದೆಯೋ ಇಲ್ಲವೋ ನೋಡಲು ಕಡ್ಡಿ ಗೀರಬೇಕು.

ಊರಲ್ಲಿ ಕರೆಂಟು ಗಟ್ಟಿ ಇದ್ದದ್ದು ಹಿಟ್ಟಿನ ಗಿರಣಿಯಲ್ಲಿ. ಗಿರಣಿಯವ ದೂರದಲ್ಲಿ ನಮಗೆ ಕಾಕಾ ಆಗಬೇಕು. “ತಂದಿಡವಾ, ಅದಕ್ಕೇನು. ಹಬ್ಬದ ಮುಂದ ಬರೇ ಕಡ್ಲಿಹಿಟ್ಟು, ಅಕ್ಕಿಹಿಟ್ಟು. ಉಂಡಿ ಕಟ್ಟೂ ಹೊತ್ತಿನ್ಯಾಗ ಖಾರ ಯಾರು ತರ್ತಾರ?” ಅಂದ.

ಮೂಲೆಯಲ್ಲೊಂದು ಸ್ಟೂಲಿನ ಮೇಲೆ ಗಡಿಗೆ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಬರ್ಫಿ ಗಟ್ಟಿಯಾಗಲೆಂದು ಮುಚ್ಚಳ ತೆಗೆದು ನಾನು ಊಟಕ್ಕೆ ಮನೆಗೆ ಬಂದೆ. ಅದೇ ಗಳಿಗೆಗೆ ಒಬ್ಬ ಹೆಣ್ಣುಮಗಳು ಬುಟ್ಟಿ ತುಂಬ ಒಣಮೆಣಸಿನಕಾಯಿ ಹೊತ್ತು ಗಿರಣಿಗೆ ಬಂದಳಂತೆ. ಹಬ್ಬಕ್ಕೆ ಮೂವರು ಅಳಿಯಂದಿರು ಬಂದಿದ್ದರಂತೆ, ಮನೆಯ ಖಾರಪುಡಿ ಎಲ್ಲ ಖಾಲಿಯಂತೆ. ಅಳಿಯಂದಿರ ಮಾತಿಗೆ ಯಾರು ಇಲ್ಲ ಅನ್ನುತ್ತಾರೆ? ಕಾಕಾ ಗಿರಣಿ ಚಾಲೂ ಮಾಡಿದ.

ನಾನು ವಾಪಸು ಬಂದಾಗ ಗಿರಣಿಯೊಳಗೆ ಎಲ್ಲರೂ ಸೀನುತ್ತಿದ್ದರು. ಬರ್ಫಿ ಮಾತ್ರ ಚಂದ ಕೆಂಪಗೆ ಬಣ್ಣ ತಿರುಗಿತ್ತು.

ಕೊಬ್ಬರಿ, ತುಪ್ಪ, ಸಕ್ಕರೆ ಬಿದ್ದ ಪದಾರ್ಥ. ಚೆಲ್ಲಲು ಅವ್ವ ಬಿಡಲಿಲ್ಲ. ವಡಿ ಕೊಯ್ದು ತಾಟಿನಲ್ಲಿಟ್ಟು, ಹಬ್ಬಕ್ಕೆ ಬಂದ ನಮ್ಮ ದೊಡ್ಡಪ್ಪನ ಮುಂದೆ ಹಿಡಿದಳು. ಮಸ್ಕತ್‌ನಿಂದ ಬಂದ ಮಗ ಎದುರಿಗೇ ಕೂತಿದ್ದಾನೆ, ಅವನ ಮನಸ್ಸು ನೋಯಿಸಬಾರದು. ದೊಡ್ಡಪ್ಪ ಒಂದು ವಡಿ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ಮೂಗಲ್ಲಿ ನೀರು ಬಂತು. ಮಗ್ಗುಲಿಗಿದ್ದ ಟವೆಲ್ಲಿನಿಂದ ತಲೆ ಒರೆಸಿಕೊಂಡರು.

“ಹೆಂಗೈತ್ರಿ ದೊಡ್ಡಪ್ಪಾ?” ಅಂದ ತಮ್ಮ.

“ಭಾರೀ ಐತಿ ಮಗನ. ಹೊರದೇಶದ ರುಚಿನ ಬ್ಯಾರೆ” ಅಂದರು. ಆಮೇಲೆ ಅವ್ವನ ಕಡೆ ವಾಲಿ ಮೆಲ್ಲಗೆ ಕೇಳಿದರು: “ಒಂದು ಬಿಸಿ ರೊಟ್ಟಿ ಇದ್ರ ಕೊಡವಾ. ಬರ್ಫಿ ಬರೇ ತಿನ್ನಾಕ ಆಗವಲ್ದು.”

ಬಸ್ಸಿನಲ್ಲಿ ಕೂಸು

ಜೋಯಿಡಾದಲ್ಲಿ ನನ್ನ ಗೆಳತಿಯೊಬ್ಬಳು ನರ್ಸ್ ಆಗಿದ್ದಳು. ಕೊಂಕಣಿ ಮಾತಾಡುವ ಕ್ರಿಶ್ಚನ್ನರ ಮನೆಯಾಕೆ. ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬ ಬಂತೆಂದರೆ ಅವರ ಮನೆಯಲ್ಲಿ ಸಿಹಿಯ ರಾಶಿ. ಕಡಲೆಬೇಳೆ, ಕೊಬ್ಬರಿ, ಸಕ್ಕರೆ ಸೇರಿಸಿ ಅವರು ಮಾಡುವ ದೋಸ್ ಅನ್ನುವ ಸಿಹಿಗೆ ತಿರುವೀ ತಿರುವೀ ರಟ್ಟೆ ಬಿದ್ದುಹೋಗುತ್ತದೆ. “ಈ ಸಲ ನಿನ್ನ ಗಡಿಗಿ ತಗೊಂಡು ಬಾ ಮಾರಾಯ್ತಿ” ಅಂತ ಹೇಳಿಕಳಿಸಿದಳು.

ಗಾಜಿನ ಮುಚ್ಚಳ ಒಡೆಯಬಾರದೆಂದು ಗಡಿಗೆಗೆ ಮೆತ್ತನೆಯ ಶಾಲು ಸುತ್ತಿ, ಎದೆಗವಚಿಕೊಂಡು ಬಸ್ ಹತ್ತಿದೆ. ಬಸ್ಸಿನಲ್ಲಿ ಕಾಲಿಡಲೂ ಜಾಗ ಇಲ್ಲ. ಆದರೆ ನನ್ನನ್ನು ನೋಡಿದ್ದೇ ತಡ, ಒಬ್ಬ ಹುಡುಗ ಎದ್ದು ಜಾಗ ಕೊಟ್ಟ. ಎಂಥ ಒಳ್ಳೆಯ ಜನ ಅಂದುಕೊಂಡು ಕೂತೆ. ಪಕ್ಕದಲ್ಲಿ ಉಳವಿಗೆ ಹೊರಟ ಒಬ್ಬ ಅಜ್ಜಿ. ಹಲ್ಲೆಲ್ಲ ಬಿದ್ದಿದ್ದವು, ಕಣ್ಣೂ ಅಷ್ಟಕ್ಕಷ್ಟೆ.

“ಎಷ್ಟು ತಿಂಗಳಾತವಾ?” ಅಂದಳು, ಶಾಲಿನ ಕಡೆ ನೋಡುತ್ತ.

ಗಡಿಗೆಯ ಸುದ್ದಿ ಈ ಅಜ್ಜಿಗೂ ಮುಟ್ಟಿದೆಯಲ್ಲ ಅಂತ ನನಗೆ ಹೆಮ್ಮೆ. “ಐದು ತಿಂಗಳಾಗಾಕ ಬಂತ್ರಿ. ನಮ್ಮ ತಮ್ಮ ಮಸ್ಕತ್‌ನಿಂದ ತಂದುಕೊಟ್ಟಾನ.”

“ತಮ್ಮ ತಂದುಕೊಟ್ಟನ?” ಅಜ್ಜಿ ಹೌಹಾರಿದಳು. “ಯಾಕವಾ, ನಿಮ್ಮ ಮನಿಯವರು?”

“ಅವರ ಕೈಲೆ ಎಲ್ಲಿ ಆಗ್ತೈತ್ರಿ? ಇಲ್ಲಿ ಇಂಥಾವು ಸಿಗೂದಿಲ್ಲ.”

ಅಜ್ಜಿ ಮಾತು ಬದಲಿಸಿದಳು. “ಹಾಲು ಚಲೋ ಕುಡಿತೈತೇನ?”

“ಎರಡು ಲೀಟರ್ ಹಾಕಿದ್ರೂ ಹಿಡಿತೈತ್ರಿ.”

“ಶಿವನ! ಆದ್ರ ಭಾಳ ಶಾಂತ ಐತಿ ಬಿಡು, ಸಪ್ಪಳ ಇಲ್ಲ.”

“ಸಪ್ಪಳ ಮಾಡೂದ ಇಲ್ರಿ. ಒಳಗೊಳಗ ಕುದಿತೈತಿ ಅಷ್ಟ.”

“ಅಯ್ಯ, ಜ್ವರ ಬಂದಾವೇನ!” ಅಜ್ಜಿ ಗಡಬಡಿಸಿ ಶಾಲಿನೊಳಗೆ ಕೈ ಹಾಕಿದಳು. “ಏನವಾ ಇದು, ಹೆಣದಂಗ ತಣ್ಣಗೈತಿ!”

“ಇವತ್ತ ಇನ್ನೂ ಕರೆಂಟ ಕೊಟ್ಟಿಲ್ರಿ, ಅದಕ್ಕ” ಅಂದೆ.

ಮುಂದೆ ಕೂತವರೆಲ್ಲ ಹಿಂದೆ ತಿರುಗಿದರು. ಅಜ್ಜಿ ಶಾಲು ಸರಿಸಿದಳು. ಗಾಜಿನ ಮುಚ್ಚಳದೊಳಗೆ ಸುಕ್ಕುಗಟ್ಟಿದ, ಹಲ್ಲಿಲ್ಲದ ಒಂದು ಮುಖ ಅವಳನ್ನೇ ನೋಡುತ್ತಿತ್ತು.

“ಯಪ್ಪಾ, ಎಲ್ಲಾರೂ ಬಂದು ನೋಡ್ರೋ!” ಅಂತ ಎದೆ ಬಡಿದುಕೊಂಡಳು. “ಕರೆಂಟ ಕೊಟ್ಟು ಕೊಟ್ಟು ಹಸುಗೂಸು ಮುದುಕಿ ಆಗಿಬಿಟ್ಟೈತಿ!”

ರಿಪೇರಿ

ಜೋಯಿಡಾ ರಸ್ತೆಯ ಕುಲುಕಾಟಕ್ಕೋ ಏನೋ, ವಾಪಸು ಬಂದ ಮೇಲೆ ಗಡಿಗೆ ಬಿಸಿಯಾಗುವುದೇ ಬಿಟ್ಟಿತು. ನಮ್ಮ ಗಲ್ಲಿಯಲ್ಲಿ ಸ್ಕೂಟರ್ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ ಚಾಚಾ ಇದ್ದರು. ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಅವರೇ ಡಾಕ್ಟರು. “ಫಿಕರ್ ಮಾಡಬ್ಯಾಡ್ರಿ ಭಾಬಿ, ನಮ್ಮ ಕಡೆ ಬಿಡ್ರಿ” ಅಂತ ಗಡಿಗೆ ತೆಗೆದುಕೊಂಡು ಹೋದರು.

ಸಂಜೆಯೊಳಗೆ ಅವರೇ ಹೊತ್ತು ತಂದರು. ಮುಖದಲ್ಲಿ ಖುಷಿ ತುಳುಕುತ್ತಿತ್ತು. ಹಿಂದೆಯೇ ಅವರ ಹೆಂಡತಿ, ನಮ್ಮ ಚಾಚಿ.

“ಭಾಬಿ, ವೈರು ಬಿಟ್ಟಿತ್ತು, ಅದನ್ನ ಕೂಡಿಸೇನಿ. ಆದ್ರ ಅಸಲಿ ಬ್ಯಾನಿ ಬ್ಯಾರೆನ ಇತ್ತು. ಚಾ ಕಾಸಾಕ ಇಟ್ಟು ನೋಡಿದೆ, ಎರಡು ತಾಸಾದ್ರೂ ಕುದಿಲಿಲ್ಲ! ಒಳಗಿನ ಬಿಸಿ ಮಾಡೂ ಕಾಯಿಲು ಪೂರಾ ಕಮಜೋರ್. ಅದನ್ನ ಕಿತ್ತು ಹಾಕಿ ಹಾಟ್‌ಪ್ಲೇಟಿನ ಕಾಯಿಲು ಕೂಡ್ರಿಸೇನಿ. ಗಡಿಗಿ ತಡಿಯೂದಿಲ್ಲಂತ ಒಳಗ ಸ್ಟೀಲಿನ ಪಾತೇಲಿನೂ ಇಟ್ಟೇನಿ. ಈಗ ನೋಡ್ರಿ, ಐದು ಮಿನಿಟಿಗೆ ಕೊತಕೊತ!”

ಸ್ಲೋ ಕುಕ್ಕರಿಗೆ ನಿಧಾನವೇ ಗುಣ ಎಂದು ಹೇಳಿ ಅವರ ಖುಷಿ ಕೆಡಿಸುವುದು ಬೇಡವೆಂದು ರೊಕ್ಕ ತೆಗೆದುಕೊಟ್ಟೆ. ಚಾಚಿ ಮಾತ್ರ ಹಣೆ ಬಡಿದುಕೊಂಡರು.

“ನೋಡ್ರಿ ಭಾಬಿ ಇವರ ಹಣೇಬಾರ! ಜಲ್ದಿ ಓಡಬೇಕಾದ ಸ್ಕೂಟರ್ ತಂದ್ರ ಆರು ತಿಂಗಳು ಗ್ಯಾರೇಜಿನ್ಯಾಗ ಕೂಡ್ರಸ್ತಾರ. ನಿಧಾನ ಇರ್ಲಿ ಅಂತ ಮಾಡಿದ್ದನ್ನ ಒಂದ ದಿನದಾಗ ಓಡಸ್ಯಾರ!”

ಬೀಗರ ಬಾಯಿ

ಇಷ್ಟರ ಮೇಲೆ ಸಂಕ್ರಾಂತಿ ಬಂತು. ಈ ಸಂಕ್ರಾಂತಿ ಬೇರೆ ಸಂಕ್ರಾಂತಿಯ ಹಾಗಲ್ಲ. ನನ್ನ ನಾದಿನಿಯ ಮದುವೆಯ ಮಾತು ಅಂದು ಇತ್ಯರ್ಥವಾಗಬೇಕಿತ್ತು.

ನಾದಿನಿ ಹಳಿಯಾಳದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಟೀಚರಾಗಿದ್ದಳು. ಹುಡುಗನ ಊರು ಮುಂಡಗೋಡ ತಾಲೂಕಿನ ಸನವಳ್ಳಿ, ಪಂಪ್‌ಸೆಟ್ ಅಂಗಡಿ ಇಟ್ಟಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದರು. ಅಡ್ಡ ಬಂದದ್ದು ಹುಡುಗನ ಅಪ್ಪ. ಅವರದ್ದು ಒಂದೇ ಹಟ: ಸೊಸೆ ನೌಕರಿ ಬಿಡಬೇಕು. ಅವರು ಬಾಯಿ ತೆಗೆದರೆ ಎದುರಿಗಿದ್ದವರು ಬಾಯಿ ಮುಚ್ಚಬೇಕು, ಅಂಥ ಮಾತುಗಾರರು. ಅವರ ಹೆಂಡತಿಯ ದನಿ ಹೇಗಿದೆ ಅಂತ ಸನವಳ್ಳಿಯಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ ಅನ್ನುತ್ತಿದ್ದರು.

ಮುಂಜಾನೆಯಿಂದ ನಾದಿನಿಯ ಕಣ್ಣು ಕೆಂಪಗಿತ್ತು. “ವೈನಿ, ಹುಡುಗ ನನ್ನ ಮನಸಿಗೆ ಬಂದಾನ. ಆದ್ರ ಸಾಲಿ ಬಿಡಂದ್ರ ನಾ ಒಲ್ಲೆ. ಯಾವುದು ಬಿಡ್ಲಿ ಹೇಳ್ರಿ” ಅಂತ ಅಡುಗೆಮನೆಯಲ್ಲಿ ನನ್ನ ಮುಂದೆ ಅತ್ತಳು. ಅವಳನ್ನು ಸಮಾಧಾನ ಮಾಡುತ್ತ ನಿಂತೆ. ಎಳ್ಳಿನ ಉಂಡಿಗೆ ಬೆಲ್ಲದ ಪಾಕ ಗಡಿಗೆಯಲ್ಲಿತ್ತು. ಚಾಚಾ ರಿಪೇರಿ ಮಾಡಿದ ಗಡಿಗೆ! ನೋಡುವಷ್ಟರಲ್ಲಿ ಪಾಕ ಏರಿ, ಕಪ್ಪಗಾಗಿ, ಸೌಟಿನಿಂದ ಕೆಳಗೆ ಬೀಳಲೊಲ್ಲದು. ಮತ್ತೆ ಮಾಡಲು ಹೊತ್ತಿಲ್ಲ, ಬಾಗಿಲಲ್ಲಿ ಆಗಲೇ ಬೀಗರ ಚಪ್ಪಲಿ ಸಪ್ಪಳ. ಎಳ್ಳು, ಶೇಂಗಾ ಸುರಿದು, ಕೈಗೆ ತುಪ್ಪ ಸವರಿಕೊಂಡು ಹೇಗೋ ಉಂಡಿ ಕಟ್ಟಿದೆ.

“ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣ್ರಿ” ಅಂತ ಅತ್ತೆ ಬೀಗರ ಯಜಮಾನರ, ಅಂದರೆ ಹುಡುಗನ ಅಪ್ಪನ ಮುಂದೆ ತಾಟು ಹಿಡಿದರು. ಯಜಮಾನರು ಇಡೀ ಉಂಡಿಯನ್ನು ಒಮ್ಮೆಲೇ ಬಾಯಿಗೆ ಹಾಕಿಕೊಂಡು ಮಾತು ಶುರು ಮಾಡಿದರು.

“ನೋಡ್ರಿ, ನಮ್ಮ ಮನಿತನದಾಗ ಸೊಸಿ ಅಂದ ಮ್ಯಾಲ ನೌಕರಿ...”

ಅಷ್ಟೆ. ಮಾತು ಅಲ್ಲಿಗೇ ನಿಂತಿತು. ಮೇಲಿನ ಕಟ್ಟಿಸಿದ ಹಲ್ಲು ಕೆಳಗಿನ ಕಟ್ಟಿಸಿದ ಹಲ್ಲನ್ನು ಹಿಡಿದುಕೊಂಡಿತು. ಯಜಮಾನರು ದವಡೆ ಈ ಕಡೆ ಎಳೆದರು, ಆ ಕಡೆ ಎಳೆದರು. ಬಾಯಿ ತೆಗೆಯಲು ಬರದು. ಜೋರು ಮಾಡಿದರೆ ಹಲ್ಲಿನ ಸೆಟ್ಟೇ ಹೊರಗೆ ಬರುತ್ತದೆ, ಬೀಗರ ಮನೆಯಲ್ಲಿ ಮಾನ ಹೋಗುತ್ತದೆ. ಕಣ್ಣು ದೊಡ್ಡದಾಗಿ ಬಿಟ್ಟುಕೊಂಡು ಕೂತರು.

ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದೇವೆ. ಕೊನೆಗೆ ನಮ್ಮ ಮನೆಯವರೇ ಅಳುಕುತ್ತ ಕೇಳಿದರು. “ನೌಕರಿ ಏನಂದ್ರಿ?”

ಯಜಮಾನರು ಬೇಡವೇ ಬೇಡ ಅನ್ನುವಂತೆ ಎರಡೂ ಕೈ ಜೋರಾಗಿ ಆಡಿಸಿದರು.

ಆಗ ಅವರ ಹೆಂಡತಿಯ ದನಿ ಕೇಳಿತು. ಗಟ್ಟಿಯಾದ, ಸ್ಪಷ್ಟವಾದ ದನಿ. “ನೌಕರಿ ಬಿಡೂದು ಬ್ಯಾಡ ಅಂತಾರ್ರಿ.”

ಯಜಮಾನರು ಹೆಂಡತಿಯ ಕಡೆ ತಿರುಗಿ “ಹ್ಞೂಂ! ಹ್ಞೂಂ ಹ್ಞೂಂ!” ಅಂದರು.

“ನೋಡ್ರಿ, ಹ್ಞೂಂ ಅಂದ್ರು” ಅಂದಳು ಆಕೆ.

ಯಜಮಾನರು ಸಿಟ್ಟಿನಿಂದ ತೊಡೆ ತಟ್ಟಿಕೊಂಡರು. “ಭಾಳ ಖುಷಿ ಆಗೇತಿ ಅವರಿಗೆ” ಅಂದಳು. ಯಜಮಾನರು ಎದ್ದು ನಿಂತು ಬಾಗಿಲ ಕಡೆ ಬೊಟ್ಟು ಮಾಡಿದರು. “ಒಳ್ಳೆ ಗಳಿಗಿ ದಾಟಿ ಹೋಗಾಕ ಹತ್ತೇತಿ, ಲಗೂನ ಸಕ್ರಿ ಹಂಚ್ರಿ ಅಂತಾರ.” ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನ ಹೆಗಲು ಕುಣಿಯುತ್ತಿತ್ತು.

ನಮ್ಮ ಅತ್ತೆ ತಡಮಾಡುವವರಲ್ಲ. ಎಲೆ ಅಡಿಕೆ ಕೊಟ್ಟು, ಸಕ್ಕರೆ ಹಂಚಿ, ನಾದಿನಿಯ ಉಡಿ ತುಂಬಿಸಿಯೇ ಬಿಟ್ಟರು. ಆಮೇಲೆ ನಾನು ಒಂದು ತಂಬಿಗೆ ಬಿಸಿನೀರು ತಂದುಕೊಟ್ಟೆ. ಯಜಮಾನರು ಹಿತ್ತಲಿಗೆ ಹೋಗಿ ಬಾಯಿ ಬಿಡಿಸಿಕೊಂಡು ಬರುವ ಹೊತ್ತಿಗೆ ಗಲ್ಲಿಯ ಜನರೆಲ್ಲ ಬಾಗಿಲಿಗೆ ಬಂದು ಅವರ ಕೈ ಹಿಡಿದು, “ಸೊಸಿಗೆ ನೌಕರಿ ಮಾಡು ಅಂದ ಮಾವ! ಇಂಥಾವರು ಎಲ್ಲಿ ಸಿಗ್ತಾರ್ರಿ?” ಅಂತ ಹೊಗಳುತ್ತಿದ್ದರು. ಅಷ್ಟು ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಯಾವ ದೊಡ್ಡ ಮನುಷ್ಯ ಮಾತು ಹಿಂದೆ ತೆಗೆದುಕೊಳ್ಳುತ್ತಾನೆ? “ಕಾಲಕ್ಕ ತಕ್ಕಂಗ ಇರಬೇಕಲ್ರಿ” ಅಂದರು, ದವಡೆ ಸವರಿಕೊಳ್ಳುತ್ತ. ನಾದಿನಿ ಅಡುಗೆಮನೆಯಲ್ಲಿ ನನ್ನನ್ನು ತಬ್ಬಿಕೊಂಡು ಅತ್ತಳು. ಈ ಸಲದ ಅಳು ಬೇರೆ.

ಹೊರಡುವ ಮುಂದೆ ಹುಡುಗನ ತಾಯಿ ಕುಂಕುಮದ ನೆವ ಮಾಡಿ ಒಳಗೆ ಬಂದಳು. ಅತ್ತ ಇತ್ತ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದಳು.

“ಆ ಉಂಡಿ ಇನ್ನೂ ಉಳದಾವೇನವಾ?”

“ಅಯ್ಯ, ಅವು ಕೆಟ್ಟಾವ್ರಿ. ಯಾರಿಂದನೂ ತಿನ್ನಾಕ ಆಗೂದಿಲ್ಲ.”

“ಗೊತ್ತೈತಿ” ಅಂತ ಆಕೆ ಸೆರಗು ಒಡ್ಡಿದಳು. “ಮದುವಿಗೆ ಇನ್ನೂ ಎರಡು ತಿಂಗಳೈತಿ. ದಿನಕ್ಕೊಂದರಂಗ ಹಾಕವಾ.”