ಬರ್ತೀನಿ ಅಂದು ಹೋದವನು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಮಂಗಳವಾರ, ಎಂಟನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ. ಅಮ್ಮ ಹಿತ್ತಿಲಿಂದಲೇ, "ಹೊರಟೆಯೇನೋ?" ಅಂದಳು. "ಬರ್ತೀನಮ್ಮಾ" ಅಂದೆ. ಪರೀಕ್ಷೆಗೆ ಹೋಗಿ ಬರ್ತಾನೆ ಅಂದುಕೊಂಡಳು. ನಾನು ತಿಪಟೂರು ಸ್ಟೇಷನ್ನಿಗೆ ಹೋಗಿ ಮೊದಲು ಬಂದ ರೈಲು ಹತ್ತಿದೆ. ಅವತ್ತಿನಿಂದ ಹೀಗೇ: ನಾನು ಹೇಳುವುದು ಒಂದು, ಕೇಳಿದವರಿಗೆ ತಿಳಿಯುವುದು ಇನ್ನೊಂದು. ಕೆಲವು ಸಲ ಅದು ತಿರುಗುಮುರುಗು. ಹುಬ್ಬಳ್ಳಿ, ಗುಂತಕಲ್ಲು, ಬೆಂಗಳೂರು ಎಲ್ಲ ಸುತ್ತಿ ಎಪ್ಪತ್ತರ ದಶಕದಲ್ಲಿ ಮದ್ರಾಸಿಗೆ ಬಂದು ಬಿದ್ದ ಮೇಲಂತೂ ಇದು ದಿನದ ಪಾಡಾಯಿತು. ಕೂತಲ್ಲಿ ಕೂರುವ ಜನ್ಮ ನನ್ನದಲ್ಲ. ಏಳುವ ಮೊದಲು ನಾಲ್ಕು ಪ್ರಸಂಗ ಹೇಳಿಬಿಡುತ್ತೇನೆ.

ಒಂಬತ್ತು ಸಂಸಾರ

ಮೈಲಾಪೂರಿನಲ್ಲಿ ಒಬ್ಬ ಅಜ್ಜಿ ಮಹಡಿಯ ಮೇಲಿನ ರೂಮು ಬಾಡಿಗೆಗೆ ಕೊಡುತ್ತಾರೆ, ಕೆಳಗೆ ಊಟವನ್ನೂ ಹಾಕುತ್ತಾರೆ ಅಂತ ಗೊತ್ತಾಯಿತು. ಕನ್ನಡದವರೇ. ಆದರೆ ಅವರ ಮಾವನ ಕಾಲಕ್ಕೇ ಮೈಸೂರು ಬಿಟ್ಟ ಮನೆತನ. ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತಮಿಳು ಎಲ್ಲಿ ಶುರುವಾಗುತ್ತದೋ ಅವರಿಗೇ ತಿಳಿಯದು.

"ನಿನಗೆ ಸಂಸಾರ ಇದೆಯಾಪ್ಪಾ?" ಅಂದರು.

"ಇದೆ ಅಜ್ಜಿ. ಊರಲ್ಲಿದೆ. ದೊಡ್ಡ ಸಂಸಾರ, ಒಂಬತ್ತು ಜನ."

"ಒಂಬತ್ತಾ? ಅಯ್ಯಯ್ಯೋ! ಎಲ್ಲಾ ಒಂದೇ ಮನೇಲಾ?"

"ಒಂದೇ ಮನೇಲಿ. ಮೊದಲು ಹನ್ನೊಂದಿತ್ತು. ಇಬ್ಬರು ಜಗಳ ಆಡಿಕೊಂಡು ಬೇರೆ ಹೋದರು."

"ನೀನು ಇಲ್ಲಿ ಸುತ್ತುತಾ ಇದ್ರೆ ಅವರನ್ನೆಲ್ಲಾ ಯಾರು ನೋಡಿಕೊಳ್ಳೋದು?"

"ಅಪ್ಪ."

"ಅಪ್ಪಾನಾ!"

ಅಜ್ಜಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ತಮಿಳಿನಲ್ಲಿ ಸಂಸಾರ ಅಂದರೆ ಹೆಂಡತಿ ಅಂತ ನನಗೇನು ಗೊತ್ತು? ಟ್ರಂಕು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಕಿಟಕಿ ಅರ್ಧ ತೆರೆಯಿತು.

"ಇಲ್ನೋಡಪ್ಪಾ, ರೂಮು ಸಣ್ಣದು. ಯಾರಾದ್ರೂ ಒಬ್ಬಳನ್ನ ಮಾತ್ರ ಕರ್ಕೊಂಡು ಬಾ."

ಕಿರುಬೆರಳು

ನನಗೆ ಒಂದು ಸಂಸಾರವೂ ಇಲ್ಲ ಅಂತ ತಿಳಿದ ಮೇಲೆ ಅಜ್ಜಿಗೆ ಇನ್ನೂ ದೊಡ್ಡ ಚಿಂತೆ ಹತ್ತಿಕೊಂಡಿತು. ಮಕ್ಕಳಿಲ್ಲದವರು. "ನೀನು ನಿಲ್ಲೋ ಜಾತಿ ಅಲ್ಲ. ನಿನಗೊಂದು ಕೆಲಸ, ಒಂದು ಹೆಣ್ಣು ಕಟ್ಟಿಹಾಕಿದರೇನೇ ನನ್ನ ಕಣ್ಣಮುಂದೆ ಇರ್ತೀಯ" ಅಂದು ಪಟ್ಟು ಹಿಡಿದರು. ಮೊದಲು ಕೆಲಸ. ಮೌಂಟ್ ರೋಡಿನ ಹತ್ತಿರ ಬ್ಯಾಂಕಿನವರಿಗೆ, ಇನ್ಶೂರೆನ್ಸಿನವರಿಗೆ ಪಾಠ ಹೇಳುವ ಒಂದು ಸಂಸ್ಥೆಯಲ್ಲಿ ಬೋರ್ಡು ಒರೆಸಿ, ಮೈಕು ನೋಡಿಕೊಳ್ಳುವ ಕೆಲಸ ಕೊಡಿಸಿದರು.

ಪಾಠ ಯಾವುದು? ಮನುಷ್ಯ ಮನುಷ್ಯನ ಜೊತೆ ಮಾತಾಡುವುದು ಹೇಗೆ ಅಂತ! ಸಂವಹನ ಅನ್ನುತ್ತಾರಂತೆ ಅದಕ್ಕೆ. ಮೇಷ್ಟ್ರು ಬೋರ್ಡಿನ ಮೇಲೆ ಎರಡು ಸೊನ್ನೆ ಬರೆಯುತ್ತಿದ್ದರು. ಒಂದು ಹೇಳುವವನು, ಇನ್ನೊಂದು ಕೇಳುವವನು. ನಡುವೆ ಮಾತು ಹೋಗುವ ದಾರಿ, ದಾರಿಯಲ್ಲಿ ಗದ್ದಲ. ತಿಳಿಯಿತೋ ಇಲ್ಲವೋ ಅಂತ ಕೇಳಿದವನ ಕಡೆಯಿಂದ ವಾಪಸ್ಸು ಬರುವ ಇನ್ನೊಂದು ಗೆರೆ. ಎಂಟನೇ ಕ್ಲಾಸು ದಾಟದ ನಾನು ಇಷ್ಟನ್ನೂ ಒರೆಸಿ ಒರೆಸಿಯೇ ಕಲಿತೆ.

ಒಂದು ದಿನ ಕೈಸನ್ನೆಯ ಪಾಠ. "ಬಾಯಿ ಸುಳ್ಳು ಹೇಳಬಹುದು, ಕೈ ಹೇಳಲ್ಲ" ಅನ್ನುವಷ್ಟರಲ್ಲಿ ಮೈಕು ಸತ್ತಿತು. ಪಾಠ ಸನ್ನೆಯದ್ದೇ ಅಲ್ಲವೇ, ಮೇಷ್ಟ್ರು ಬಾಯಿ ಬಿಡದೆ ನನ್ನ ಕಡೆ ತಿರುಗಿ, ಮುಷ್ಟಿ ಕಟ್ಟಿ, ಬಾಯಿಯ ಹತ್ತಿರ ತಂದು ಅಲ್ಲಾಡಿಸಿದರು. ಓಡಿಹೋಗಿ ನೀರು ತಂದೆ. ತಲೆ ಅಲ್ಲಾಡಿಸಿದರು, ಆದರೆ ಕುಡಿದರು. ಮತ್ತೆ ಅದೇ ಸನ್ನೆ. ಬಿಸಿನೀರು ಬೇಕೇನೋ ಅಂತ ಅದನ್ನು ತಂದೆ. ಕಣ್ಣು ಬಿಟ್ಟು ನೋಡಿ, ಅದನ್ನೂ ಕುಡಿದರು. ಮೂರನೇ ಸಲ ಮಜ್ಜಿಗೆ, ದೊಡ್ಡ ಲೋಟ. ಕ್ಲಾಸಿನಲ್ಲಿದ್ದ ಒಬ್ಬರಾದರೂ "ಏ, ಮೈಕು ಕಣಯ್ಯಾ" ಅನ್ನಬೇಕಲ್ಲ? ಎಲ್ಲರೂ ಸನ್ನೆ ಬರೆದುಕೊಳ್ಳುತ್ತಿದ್ದರು.

ಕೊನೆಗೆ ಮೇಷ್ಟ್ರು ನನಗೆ ಕಿರುಬೆರಳು ತೋರಿಸಿದರು. ಅದೊಂದು ಮಾತ್ರ ಇಡೀ ಕ್ಲಾಸಿಗೆ ತಕ್ಷಣ ಅರ್ಥವಾಯಿತು.

ಮಂಚದ ಕೆಳಗಿನ ಮಾತು

ಅಲ್ಲಿಂದ ಕೋಡಂಬಾಕ್ಕಂ. ಆಗ ಕನ್ನಡ ಸಿನಿಮಾಗಳ ಶೂಟಿಂಗು ಅಲ್ಲೂ ನಡೆಯುತ್ತಿತ್ತು. ವೈರು ಎಳೆಯುವುದಕ್ಕೆ ಸೇರಿದವನನ್ನು, ಕನ್ನಡ ಬರುತ್ತದೆ ಅಂತ ಪ್ರಾಂಪ್ಟರ್ ಮಾಡಿದರು. ನಾಯಕಿಗೆ ಕನ್ನಡದ ಒಂದಕ್ಷರವೂ ಬಾರದು. ನಾನು ಮರೆಯಲ್ಲಿ ಕೂತು ಏನು ಹೇಳುತ್ತೇನೋ ಅದನ್ನು ಆಕೆ ಹಾಗೇ ಒಪ್ಪಿಸುತ್ತಿದ್ದಳು.

ನಾಯಕ ಸಾಯುವ ದೃಶ್ಯ. ಅವನು ಮಂಚದ ಮೇಲೆ, ಆಕೆ ಅವನ ಎದೆಯ ಮೇಲೆ, ನಾನು ಮಂಚದ ಕೆಳಗೆ. "ನನ್ನನ್ನು ಬಿಟ್ಟು ಹೋಗಬೇಡಿ" ಅಂದೆ. ಆಕೆ ಅತ್ತು ಅಂದಳು. "ನಿಮಗಾಗಿ ನಾನು" ಅಂದೆ. "ನಿಮಗಾಗಿ ನಾನು" ಅಂದಳು. ಮುಂದಿನದು "ಪ್ರಾಣ ಕೊಡುತ್ತೇನೆ" ಅಂತ ಇತ್ತು. ಅಷ್ಟರಲ್ಲಿ ಏನೋ ನನ್ನ ತೊಡೆ ಹಿಡಿದು ಕಚ್ಚಿತು.

"ಅಯ್ಯೋ, ಇರುವೆ!" ಅಂದೆ.

"ಅಯ್ಯೋ, ಇರುವೆ!" ಅಂದಳು ಆಕೆ, ಕಣ್ಣಲ್ಲಿ ನೀರು ಸುರಿಸುತ್ತಾ.

ಸತ್ತವನ ಹೊಟ್ಟೆ ಅಲ್ಲಾಡಿತು. ನಿರ್ದೇಶಕರು ಮಾತ್ರ ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದರು. "ಆಹಾ! ನಿಮಗಾಗಿ ನಾನು... ಅಯ್ಯೋ... ಇರುವೆ! ಎಂಥಾ ಮಾತು! ಓಕೆ! ಯಾರ್ರೀ ಇದನ್ನ ಬರೆದದ್ದು?"

ಸಂಭಾಷಣೆಕಾರರು ಮುಂದೆ ಬಂದು ಕೈ ಮುಗಿದು, "ನಾನೇ ಸಾರ್" ಅಂದರು.

ಬರೆದದ್ದು ಅವರೇ ಇರಲಿ. ಕೆರೆದದ್ದು ಮಾತ್ರ ನಾನು.

ತಾಂಬರಂನಲ್ಲಿ ತಲೆ ಆಡಿಸಿದ್ದು

ಆ ಸಿನಿಮಾ ಮುಗಿಯಿತು, ನನಗೆ ಒಳಗೊಳಗೇ ಚಡಪಡಿಕೆ ಶುರುವಾಯಿತು. ಅಜ್ಜಿಗೆ ವಾಸನೆ ಬಡಿಯಿತು. ಭಾನುವಾರ ಎಲೆಕ್ಟ್ರಿಕ್ ಟ್ರೇನಿನಲ್ಲಿ ಕೂರಿಸಿಕೊಂಡು ತಾಂಬರಂಗೆ ಹೆಣ್ಣು ನೋಡಲು ಕರೆದುಕೊಂಡು ಹೋದರು. ಹುಡುಗಿಯ ತಂದೆ ರೈಲ್ವೆಯಲ್ಲಿ ಗುಮಾಸ್ತರು, ನಮ್ಮ ಕಡೆಯವರೇ. ಅಜ್ಜಿ ಸುಳ್ಳು ಹೇಳಲಿಲ್ಲ. "ಮೊದಲು ಆಫೀಸರುಗಳ ಕ್ಲಾಸಲ್ಲಿ ಬೋರ್ಡಿನ ಹತ್ತಿರ ಇದ್ದ. ಈಗ ಸಿನಿಮಾದಲ್ಲಿ ಕನ್ನಡ ಹೇಳಿಕೊಡ್ತಾನೆ" ಅಂದರು. ಆ ಮನೆಯವರು ನನ್ನನ್ನು ಮೇಷ್ಟ್ರು ಮಾಡಿಕೊಂಡು ಎದ್ದು ನಿಂತರು.

ಹುಡುಗಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ನೀನೂ ಏನಾದ್ರೂ ಕೇಳಮ್ಮಾ" ಅಂದರು ತಂದೆ.

"ನೀಂಗ ಇಂಗೇಯೇ ಇರುಪ್ಪೀಂಗಳಾ?" ಅಂದಳು. ಇಲ್ಲೇ ಇರ್ತೀರಾ ಅಂತ.

ಇರುವೆ ಅನ್ನುವ ಮಾತು ನನ್ನ ಬಾಯಿಂದ ಬಂದದ್ದು ಕಚ್ಚಿಸಿಕೊಂಡಾಗ ಮಾತ್ರ. ತಲೆಯನ್ನು ಆ ಕಡೆಗೂ ಅಲ್ಲ ಈ ಕಡೆಗೂ ಅಲ್ಲ ಅನ್ನುವ ಹಾಗೆ ಆಡಿಸಿದೆ. ತಂದೆ ಹೌದು ಅಂದುಕೊಂಡರು. ತಾಯಿ ಕೇಸರಿಬಾತು ಇನ್ನೊಂದು ಚಮಚ ಹಾಕಿದರು. ಹುಡುಗಿ ನನ್ನ ತಲೆ ನೋಡಲೇ ಇಲ್ಲ. ಕುರ್ಚಿಯ ಕೆಳಗೆ ನನ್ನ ಕಾಲು ಕುಣಿಯುತ್ತಿತ್ತು, ಅದನ್ನೇ ನೋಡುತ್ತಿದ್ದಳು.

ಹೊರಡುವಾಗ ಅಜ್ಜಿ ಮರೆತ ಕೊಡೆ ಹಿಡಿದುಕೊಂಡು ಹುಡುಗಿ ಗೇಟಿನ ತನಕ ಬಂದಳು. ನನ್ನ ಕೈಗೆ ಕೊಡುತ್ತಾ, ಅಚ್ಚ ಕನ್ನಡದಲ್ಲಿ, ಮೆಲ್ಲಗೆ ಅಂದಳು:

"ಬರ್ತೀನಿ ಅನ್ನಬೇಡಿ. ನಮ್ಮಪ್ಪ ನಂಬಿಕೊಂಡು ಕಾಯ್ತಾರೆ."

ಅಷ್ಟು ವರ್ಷಗಳಲ್ಲಿ ನಾನು ಹೇಳದೆ ಇದ್ದದ್ದೂ ತಪ್ಪಿಲ್ಲದೆ ತಿಳಿದದ್ದು ಆ ಹುಡುಗಿಗೆ ಒಬ್ಬಳಿಗೇ. ತಂದೆ ನಗುನಗುತ್ತಾ ಬಂದರು. ನಾನು ಕೈ ಮುಗಿದು, "ಹೋಗ್ತೀನಿ ಸಾರ್" ಅಂದೆ.

ಹೆಣ್ಣು ನೋಡಿದ ಮನೆಯ ಬಾಗಿಲಲ್ಲಿ ನಿಂತು ಯಾರಾದರೂ ಹೋಗ್ತೀನಿ ಅನ್ನುತ್ತಾರೆಯೇ? ತಂದೆಯ ನಗು ಅಲ್ಲೇ ನಿಂತಿತು. ಹುಡುಗಿಯ ಮುಖದಲ್ಲಿ ಶುರುವಾಯಿತು. ಅಜ್ಜಿ ನನ್ನ ತೋಳು ಚಿವುಟಿದ ಗುರುತು ಮಾತ್ರ ಬಹಳ ದಿನ ಇತ್ತು.

ಟ್ರೇನಿನಲ್ಲಿ ಸೈದಾಪೇಟೆ ಬರುವ ತನಕ ಅಜ್ಜಿ ಕೊಡೆಯ ಮಡಿಕೆ ಸರಿಮಾಡುತ್ತಿದ್ದರು. ಆಮೇಲೆ ಕಿಟಕಿಗೆ ಹೇಳಿದ ಹಾಗೆ, "ಎಲ್ಲಿಗೆ ಈ ಸಲ?" ಅಂದರು. "ಗೊತ್ತಿಲ್ಲ ಅಜ್ಜಿ" ಅಂದೆ.

ಮಾರನೇ ಬೆಳಿಗ್ಗೆ ಟ್ರಂಕಿಗೆ ಎರಡು ಪಂಚೆ, ಮೂರು ಅಂಗಿ ತುಂಬಿ, ಬೀಗ ಕೆಟ್ಟಿದ್ದರಿಂದ ಹಗ್ಗ ಬಿಗಿದು ಕೆಳಗೆ ಇಳಿಸಿದೆ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. ಇವರ ಹತ್ತಿರವಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಅನ್ನಿಸಿತು.

"ಅಜ್ಜೀ, ಹೋಗ್ತೀನಿ."

ಮೊರ ಕುಕ್ಕಿದರು. "ಬಿಡ್ತು ಅನ್ನು! ಒಂದು ಸಲ ಪಾಠ ಆಗಲಿಲ್ವಾ? ಮನೆ ಬಾಗಿಲಲ್ಲಿ ಆಡೋ ಮಾತಾ ಅದು? ಬರ್ತೀನಿ ಅನ್ನು."

"ಅಜ್ಜೀ, ನಾನು..."

"ಅನ್ನೋ!"

"ಬರ್ತೀನಿ ಅಜ್ಜಿ."

"ಹಾಂ." ಸೆರಗಿನಿಂದ ಮೂಗು ಒರೆಸಿಕೊಂಡು ಅಕ್ಕಿ ಡಬ್ಬಿಯ ಮುಚ್ಚಳ ತೆಗೆದರು. "ಹಾಗಾದ್ರೆ ರಾತ್ರಿ ಅನ್ನಕ್ಕೆ ನಿಂದೂ ಒಂದು ಹಿಡಿ ಹಾಕ್ತೀನಿ."